ಕೊಠಡಿಗೂ ಒಂದು ಕ್ಯಾಲೆಂಡರ್ ಕೊಡಿ

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಮೂರು ಮೀಟಿಂಗ್ ರೂಮ್‌ಗಳಿವೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ (ಕಚೇರಿಗಳಿಗೆ ಗೂಗಲ್ ಕೊಡುವ ಮೇಲ್, ಕ್ಯಾಲೆಂಡರ್ ಸೇವೆ) ಎಲ್ಲರಿಗೂ ಸೇರಿ ಒಂದು ಕ್ಯಾಲೆಂಡರ್ ಮಾಡಿದ್ದೇವೆ. ಬೇಕಾದವರು ‘ದೊಡ್ಡ ಕೊಠಡಿ, ಲೆಕ್ಕಪತ್ರ ವಿಭಾಗ’ ಎಂದು ಅದರಲ್ಲಿ ಬರೆಯುತ್ತಾರೆ. ಆದರೂ ಎರಡು ತಂಡಗಳು ಒಂದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಕಳೆದ ವಾರ ಯಾರೋ ಬೇರೆಯವರ ಬುಕಿಂಗ್ ಅಳಿಸಿಯೂ ಬಿಟ್ಟರು. ಏನು ಮಾಡಲಿ?

ಉತ್ತರ: ಅಳಿಸಿದವರನ್ನು ಬೈಯಬೇಡಿ. ಎಲ್ಲರೂ ತಿದ್ದಬಹುದಾದ ಕ್ಯಾಲೆಂಡರ್ ಗೋಡೆಯ ಮೇಲಿನ ಹಲಗೆಯಿದ್ದಂತೆ. ಯಾರು ಬರೆದರೂ ಬರೆಸಿಕೊಳ್ಳುತ್ತದೆ, ‘ಆಗಲೇ ಬೇರೆಯವರು ಹಿಡಿದಿದ್ದಾರೆ’ ಎಂದು ಹೇಳುವುದಿಲ್ಲ. ನಾನು ಈ ಕೆಲಸ ನೋಡಿಕೊಳ್ಳುತ್ತಿದ್ದಾಗ, ಇದೇ ಕಾರಣಕ್ಕೆ ಸಂದರ್ಶನಕ್ಕೆ ಬಂದ ಹುಡುಗಿಯೊಬ್ಬಳು ಕಡತ ಹಿಡಿದು ಮುಕ್ಕಾಲು ಗಂಟೆ ಕಾರಿಡಾರ್‌ನಲ್ಲಿ ನಿಂತಿದ್ದಳು. ಆ ಕೊಠಡಿಯನ್ನು ಇಬ್ಬರು ಬರೆದುಕೊಂಡಿದ್ದರು, ಇಬ್ಬರದೂ ತಪ್ಪಿರಲಿಲ್ಲ. ಆ ಮುಖ ನನಗೆ ಇಂದಿಗೂ ಮರೆತಿಲ್ಲ.

ಪ್ರತಿ ಕೊಠಡಿಯನ್ನೂ ‘ರಿಸೋರ್ಸ್’ (ಬುಕ್ ಮಾಡಬಹುದಾದ ಸೌಕರ್ಯ) ಆಗಿ ಸೇರಿಸಿ. ಸಂಸ್ಥೆಯ ಖಾತೆಗಳನ್ನು ನಿರ್ವಹಿಸುವ ಅಡ್ಮಿನ್ ಕನ್ಸೋಲ್‌ನ ಡೈರೆಕ್ಟರಿಯಲ್ಲಿ ‘ಬಿಲ್ಡಿಂಗ್ಸ್ ಅಂಡ್ ರಿಸೋರ್ಸಸ್’ ಎಂಬ ಭಾಗವಿದೆ. ಅದಕ್ಕೆ ಅಡ್ಮಿನ್ ಅಧಿಕಾರ ಬೇಕು. ಮೊದಲು ಕಟ್ಟಡ ಮತ್ತು ಮಹಡಿ, ಆಮೇಲೆ ಕೊಠಡಿಯ ಹೆಸರು, ಎಷ್ಟು ಜನ ಕೂರಬಹುದು, ಪ್ರೊಜೆಕ್ಟರ್ ಇದೆಯೇ ಎಂಬುದನ್ನು ತುಂಬಿ. ಆಗ ಕೊಠಡಿಗೆ ಅದರದೇ ಕ್ಯಾಲೆಂಡರ್, ಅದರದೇ ಇಮೇಲ್ ವಿಳಾಸ ಸಿಗುತ್ತದೆ. ಸಭೆ ಕರೆಯುವವರು ಸಹೋದ್ಯೋಗಿಗಳನ್ನು ಆಹ್ವಾನಿಸುವಂತೆಯೇ ಕೊಠಡಿಯನ್ನೂ ಆಹ್ವಾನಿಸುತ್ತಾರೆ. ಖಾಲಿಯಿದ್ದರೆ ಅದು ಒಪ್ಪಿಕೊಳ್ಳುತ್ತದೆ, ಇಲ್ಲದಿದ್ದರೆ ನಿರಾಕರಿಸುತ್ತದೆ. ಕೊಠಡಿಯ ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ, ಬೇರೆ ಬುಕಿಂಗ್‌ಗೆ ಅಡ್ಡಬರದ ಆಹ್ವಾನಗಳನ್ನು ತಾನಾಗಿ ಒಪ್ಪುವ ಆಯ್ಕೆ ಆರಿಸಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಕೊಠಡಿಯ ಕ್ಯಾಲೆಂಡರಿನಲ್ಲಿ ಸಿಬ್ಬಂದಿಗೆ ‘ಎಲ್ಲ ವಿವರ ನೋಡುವ’ ಅನುಮತಿ ಸಾಕು. ಬದಲಾಯಿಸುವ ಅನುಮತಿಯನ್ನು ಒಬ್ಬಿಬ್ಬರಿಗೆ ಮಾತ್ರ ಕೊಡಿ. ಬೇರೆಯವರ ಬುಕಿಂಗ್ ಮಾಯವಾಗುವುದು ಆಗ ನಿಲ್ಲುತ್ತದೆ. ಕೊಠಡಿಯ ಹೆಸರಿನಲ್ಲೇ ಮಹಡಿಯೂ ಇರಲಿ, ಹೊಸಬರು ಅಲೆಯುವುದು ತಪ್ಪುತ್ತದೆ.

ಹಳೆಯ ಕ್ಯಾಲೆಂಡರನ್ನು ಹೊಸದರ ಜೊತೆ ಓಡಿಸಲೇಬೇಡಿ. ಒಂದು ಶುಕ್ರವಾರ ಗೊತ್ತುಮಾಡಿ. ಮುಂದಿನ ಬುಕಿಂಗ್‌ಗಳನ್ನು ಅವರವರೇ ಕೊಠಡಿಯ ಹೊಸ ಕ್ಯಾಲೆಂಡರಿಗೆ ಕಳುಹಿಸಲಿ, ಅಂದೇ ಹಳೆಯದನ್ನು ಓದಲು ಮಾತ್ರ ಬರುವಂತೆ ಮಾಡಿ. ಬದಲಾವಣೆಯ ಮೊದಲ ವಾರದ ಗಲಿಬಿಲಿಗೆ ಹೆದರಿ ಎರಡನ್ನೂ ಇಟ್ಟುಕೊಂಡರೆ ಮತ್ತೆ ಬಾಗಿಲಲ್ಲೇ ಜಗಳ.

ಪ್ರಶ್ನೆ: ನಾವು ಮೈಕ್ರೊಸಾಫ್ಟ್ 365ರ ರೂಮ್ ಮೇಲ್‌ಬಾಕ್ಸ್ (ಕೊಠಡಿಗೇ ಇರುವ ಇಮೇಲ್ ಖಾತೆ) ಬಳಸುತ್ತೇವೆ. ಪ್ರತಿ ಸೋಮವಾರದ ಸಭೆಗೆ ಕೊಠಡಿ ಕೇಳಿದರೆ, ಖಾಲಿಯಿದ್ದರೂ ಇಡೀ ಸರಣಿಯನ್ನೇ ತಿರಸ್ಕರಿಸುತ್ತದೆ. ಏಕೆ?

ಉತ್ತರ: ನಿಮ್ಮ ಸರಣಿಗೆ ಕೊನೆಯ ದಿನಾಂಕ ಹಾಕಿಲ್ಲ, ಅಥವಾ ಅದು ತುಂಬಾ ದೂರದಲ್ಲಿದೆ ಎಂದು ತೋರುತ್ತದೆ. ಅಡ್ಮಿನ್ ಬದಲಿಸದಿದ್ದರೆ ಕೊಠಡಿಯ ಮೇಲ್‌ಬಾಕ್ಸ್ ಮುಂದಿನ 180 ದಿನಗಳ ಬುಕಿಂಗ್ ಮಾತ್ರ ತೆಗೆದುಕೊಳ್ಳುತ್ತದೆ. ಸರಣಿ ಆ ಗಡಿ ದಾಟಿದರೆ, ನಾಳೆಯ ಸಭೆಯನ್ನೂ ಸೇರಿಸಿ ಎಲ್ಲವನ್ನೂ ನಿರಾಕರಿಸುತ್ತದೆ. ಐದು ತಿಂಗಳಿಗೆ ಮುಗಿಯುವಂತೆ ದಿನಾಂಕ ಹಾಕಿ ಮತ್ತೆ ಕಳುಹಿಸಿ. ಗಡಿಯನ್ನು ಹೆಚ್ಚಿಸುವ ಅವಕಾಶ ಅಡ್ಮಿನ್‌ಗೆ ಇದೆ, ಆದರೆ ನಾನು ಹೆಚ್ಚಿಸುವುದಿಲ್ಲ. ಯಾವಾಗಲೋ ನಿಂತುಹೋದ ವಾರದ ಸಭೆಗಳು ವರ್ಷಗಟ್ಟಲೆ ಕೊಠಡಿ ಹಿಡಿದಿರುವುದನ್ನು ನಾನು ಕಂಡಿದ್ದೇನೆ. ನಡೆಯದ ಸಭೆಯನ್ನು ಕ್ಯಾಲೆಂಡರಿನಿಂದ ರದ್ದುಮಾಡಲು ನಿಮ್ಮ ತಂಡಕ್ಕೆ ಹೇಳಿ. ಪಕ್ಕದ ತಂಡ ಆ ಗಂಟೆಗಾಗಿ ಕಾಯುತ್ತಿರಬಹುದು.