ಓದುಗರು ಕೇಳಿದ್ದು: ತೈವಾನ್‌ನಲ್ಲಿ ಊರ ರಾಜಕಾರಣಿ ಮೇಲೇರುವುದು ಹೇಗೆ, ಜಾರುವುದು ಎಲ್ಲಿ?

ಪ್ರಶ್ನೆ: ತೈವಾನ್‌ನ ಸ್ಥಳೀಯ ರಾಜಕಾರಣದಲ್ಲಿ ಮೊದಲ ಮೆಟ್ಟಿಲು ಯಾವುದು? ನೇರವಾಗಿ ಮೇಯರ್ ಸ್ಥಾನಕ್ಕೇ ನಿಲ್ಲಬಹುದೇ?

ಉತ್ತರ: ನಿಲ್ಲಬಹುದು. 30 ವರ್ಷ ತುಂಬಿರಬೇಕು, ಆ ಕ್ಷೇತ್ರದಲ್ಲಿ ಸತತ ನಾಲ್ಕು ತಿಂಗಳಿಂದ ಮನೆ ನೋಂದಣಿ (ವಾಸದ ವಿಳಾಸದ ಸರ್ಕಾರಿ ದಾಖಲೆ) ಇರಬೇಕು. ಶಸ್ತ್ರವೈದ್ಯರಾಗಿದ್ದ ಕೊ ವೆನ್-ಜೆ ಯಾವ ಚುನಾಯಿತ ಹುದ್ದೆಯನ್ನೂ ಕಾಣದೆ 2014ರಲ್ಲಿ ಪಕ್ಷೇತರರಾಗಿ ತೈಪೆ ಮೇಯರ್ ಆದರು. ಆದರೆ ಅದು ಅಪವಾದ. ಹೆಚ್ಚಿನವರ ದಾರಿ ಚೆನ್ ಶುಯಿ-ಬಿಯಾನ್ ಅವರದ್ದರ ಹಾಗೆ: 1981ರಲ್ಲಿ ತೈಪೆ ನಗರ ಪರಿಷತ್ತು, 1989ರಲ್ಲಿ ಸಂಸತ್ತು, 1994ರಲ್ಲಿ ಮೇಯರ್, 2000ದಲ್ಲಿ ರಾಷ್ಟ್ರಾಧ್ಯಕ್ಷ. ತೈಚುಂಗ್ ಮೇಯರ್ ಲು ಶಿಯೊ-ಯೆನ್ ಟಿವಿ ವಾರ್ತಾ ವಾಚಕಿಯಾಗಿದ್ದವರು. ಪ್ರಾಂತೀಯ ಸಭೆ, ಆಮೇಲೆ ಸುಮಾರು ಎರಡು ದಶಕ ಸಂಸತ್ತು, ಅದರ ನಂತರವೇ 2018ರಲ್ಲಿ ಮೇಯರ್ ಗಿರಿ.

ತೀರಾ ಕೆಳಗಿನ ಮೆಟ್ಟಿಲು ನೆರೆಹೊರೆಯ ಮುಖ್ಯಸ್ಥರದ್ದು. ನಗರದಲ್ಲಿ ಇವರನ್ನು ಲಿಜಾಂಗ್ ಎನ್ನುತ್ತಾರೆ. ದೇಶದಲ್ಲಿ ಇಂಥ ಸ್ಥಾನಗಳು 7,700ಕ್ಕೂ ಹೆಚ್ಚು, ಗೆಲ್ಲುವವರಲ್ಲಿ ಬಹುಪಾಲು ಪಕ್ಷೇತರರು. ಸಂಬಳವಿಲ್ಲ, ಕಚೇರಿ ಖರ್ಚು, ಓಡಾಟ, ಫೋನು, ಅಂಚೆ ಎಂದು ತಿಂಗಳಿಗೆ 50,000 ತೈವಾನ್ ಡಾಲರ್ ಭತ್ಯೆ ಬರುತ್ತದೆ. ಬೇರೆ ಉದ್ಯೋಗ ಮಾಡಿಕೊಂಡೇ ಈ ಕೆಲಸ ನಡೆಸುವವರೂ ಇದ್ದಾರೆ. ಲಿಜಾಂಗ್ ಮತ್ತು ಪರಿಷತ್ ಸದಸ್ಯರಿಗೆ ಕನಿಷ್ಠ ವಯಸ್ಸು 23, ಟೌನ್‌ಶಿಪ್ (ಕೌಂಟಿಯೊಳಗಿನ ಪಟ್ಟಣ ಇಲ್ಲವೇ ಹಳ್ಳಿಗಳ ಆಡಳಿತ ಘಟಕ) ಮುಖ್ಯಸ್ಥರಿಗೆ 26. ಎಲ್ಲರ ಅವಧಿಯೂ ನಾಲ್ಕು ವರ್ಷ. ಒಂಬತ್ತು ಬಗೆಯ ಸ್ಥಳೀಯ ಹುದ್ದೆಗಳಿಗೆ ಒಂದೇ ದಿನ ಮತದಾನ ನಡೆಸುವ ಪದ್ಧತಿ 2014ರಿಂದ ಬಂದಿದೆ.

ಪ್ರಶ್ನೆ: ಟೌನ್‌ಶಿಪ್ ಮುಖ್ಯಸ್ಥ ಎಂದಿರಿ. ತೈಚುಂಗ್‌ನಲ್ಲಿ ಅಂಥ ಹುದ್ದೆಯೇ ಇಲ್ಲವೆಂದು ಓದಿದ್ದೇನೆ. ಯಾವುದು ಸರಿ?

ಉತ್ತರ: ಎರಡೂ ಸರಿ. ತೈಪೆ, ಹೊಸ ತೈಪೆ, ತಾವ್ಯುವಾನ್, ತೈಚುಂಗ್, ತೈನಾನ್, ಕಾವ್‌ಶಿಯುಂಗ್ ಈ ಆರು ವಿಶೇಷ ಮಹಾನಗರಗಳಲ್ಲಿ ಜಿಲ್ಲೆಗಳಿಗೆ ಮೇಯರ್ ನೇಮಿಸಿದ ಅಧಿಕಾರಿಯೇ ಮುಖ್ಯಸ್ಥ. ಬೆಟ್ಟದ ಮೂಲನಿವಾಸಿಗಳ ಆರು ಜಿಲ್ಲೆಗಳಲ್ಲಿ ಮಾತ್ರ 2014ರಿಂದ ಚುನಾವಣೆ ಇದೆ. ಮಹಾನಗರಗಳ ಹೊರಗಿನ ಕೌಂಟಿಗಳಲ್ಲಾದರೆ ಟೌನ್‌ಶಿಪ್‌ಗಳಿಗೆ ಚುನಾಯಿತ ಮುಖ್ಯಸ್ಥರೂ ಇದ್ದಾರೆ, ಸಭೆಯೂ ಇದೆ.

ಇದು ಆಡಳಿತದ ಸಣ್ಣ ವಿವರ ಎನ್ನಿಸಬಹುದು. ಆದರೆ ಎಷ್ಟೋ ಜನರ ರಾಜಕೀಯ ಬದುಕನ್ನು ತಿರುಗಿಸಿದ್ದು ಇದೇ. 2010ರ ಡಿಸೆಂಬರ್ 25ರಂದು ತೈಚುಂಗ್ ಕೌಂಟಿ ನಗರದೊಳಗೆ ಸೇರಿದಾಗ 21 ಟೌನ್‌ಶಿಪ್ ಮುಖ್ಯಸ್ಥರ ಕುರ್ಚಿಗಳು ಒಂದೇ ದಿನಕ್ಕೆ ಇಲ್ಲವಾದವು. ಆ ಕೌಂಟಿಯಲ್ಲಿ ಕೆಂಪು ಬಣ, ಕಪ್ಪು ಬಣ ಎಂದು ಎರಡು ಹಳೆಯ ಗುಂಪುಗಳಿದ್ದವು. ಎರಡೂ ಕುವೋಮಿಂಟಾಂಗ್ ಪಕ್ಷದ ನೆರಳಿನಲ್ಲೇ ಬೆಳೆದಂಥವು. ರೈತ ಸಂಘ ಮತ್ತು ಅದರ ಸಾಲ ವಿಭಾಗ, ನೀರಾವರಿ ಸಂಘ, ಟೌನ್‌ಶಿಪ್ ಕಚೇರಿ ಇವೇ ಅವುಗಳ ಕೈಕಾಲು. ಕುರ್ಚಿ ಹೋದ ಮೇಲೆ ಹಂಚಲು ಹುದ್ದೆಯೂ ಉಳಿಯಲಿಲ್ಲ, ಕಾಮಗಾರಿಯೂ ಉಳಿಯಲಿಲ್ಲ. ನೀರಾವರಿ ಸಂಘಗಳೂ 2020ರ ಅಕ್ಟೋಬರ್‌ನಲ್ಲಿ ಸರ್ಕಾರಿ ಇಲಾಖೆಯೊಳಗೆ ಸೇರಿಹೋದವು. ಬಣಗಳ ಹೆಸರು ಇಂದಿಗೂ ಕೇಳಿಬರುತ್ತದೆ, ಆದರೆ ಈಗ ಅದು ಸಂಘಟನೆಗಿಂತ ಕೆಲವು ಮನೆತನಗಳ ಗುರುತು ಎನ್ನುವುದೇ ಹೆಚ್ಚು ಸರಿ.

ಪ್ರಶ್ನೆ: ಪರಿಷತ್ ಸದಸ್ಯರು ದಿನವಿಡೀ ಮಾಡುವುದಾದರೂ ಏನು? ಸಭೆ ಇಲ್ಲದ ದಿನಗಳಲ್ಲಿ?

ಉತ್ತರ: ಸಭೆ ಇಲ್ಲದ ದಿನಗಳೇ ಹೆಚ್ಚು. ಮಹಾನಗರ ಪರಿಷತ್ತಿನ ಸಾಮಾನ್ಯ ಅಧಿವೇಶನ ವರ್ಷಕ್ಕೆ ಎರಡು, ಒಂದೊಂದಕ್ಕೆ ಗರಿಷ್ಠ 70 ದಿನ. ಅಲ್ಲಿ ಬಜೆಟ್ ಕಡಿತ ಮಾಡಬಹುದು; ಖರ್ಚು ಹೆಚ್ಚಿಸುವ ಪ್ರಸ್ತಾವ ಮಂಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮೇಯರ್‌ರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಟಿವಿಗೆ ಚೆನ್ನ. ಮತ ತರುವುದು ಬೀದಿಯ ಕೆಲಸ.

ಮುಖ್ಯವಾದದ್ದು ಸ್ಥಳ ಪರಿಶೀಲನೆ. ತಿರುವಿನಲ್ಲಿ ಗುಂಡು ಕನ್ನಡಿ ಬೇಕು, ಚರಂಡಿ ಕಟ್ಟಿಕೊಂಡಿದೆ, ವಿದ್ಯುತ್ ಕಂಬ ಅಡ್ಡ ಬಂದಿದೆ ಎಂದು ಯಾರೋ ಕಚೇರಿಗೆ ಬರುತ್ತಾರೆ. ಸದಸ್ಯರ ಕಚೇರಿ ದಿನ ಗೊತ್ತುಮಾಡಿ ಸಂಬಂಧಪಟ್ಟ ಇಲಾಖೆಗಳಿಗೆಲ್ಲ ಪತ್ರ ಕಳಿಸುತ್ತದೆ. ಆ ಹೊತ್ತಿಗೆ ಲೋಕೋಪಯೋಗಿ, ಸಂಚಾರ ಪೊಲೀಸ್, ತೈವಾನ್ ಪವರ್, ನೀರಿನ ಕಂಪನಿ, ಲಿಜಾಂಗ್, ದೂರು ಕೊಟ್ಟವರು ಎಲ್ಲರೂ ಆ ಕಂಬದ ಬುಡದಲ್ಲೇ ಸೇರುತ್ತಾರೆ. ಹಾಜರಿ ಹಾಳೆಗೆ ಸಹಿ ಬೀಳುತ್ತದೆ. ಯಾರು ಏನನ್ನು ಯಾವಾಗ ಮಾಡಬೇಕೆಂದು ನಡಾವಳಿ ಬರೆಯಲಾಗುತ್ತದೆ. ನಡಾವಳಿ ಇಲ್ಲದ ಭೇಟಿ ಫೋಟೋಗೆ ಮಾತ್ರ. ಮೂರು ತಿಂಗಳ ನಂತರ ಕೇಳಿದರೆ ಪ್ರತಿ ಇಲಾಖೆಯೂ ಇನ್ನೊಂದರ ಕಡೆ ಬೆರಳು ತೋರಿಸುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಜನ ದಶಕಗಳಿಂದ ಓಡಾಡುವ ಓಣಿಯ ಅಡಿಯ ಜಾಗ ಕಾಗದದಲ್ಲಿ ಖಾಸಗಿಯವರದ್ದು. ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಇಲಾಖೆ ಡಾಂಬರು ಹಾಕಲು ಹಿಂಜರಿಯುತ್ತದೆ. ಮಾಲೀಕರು ತೀರಿಕೊಂಡು ಹತ್ತಾರು ವಾರಸುದಾರರಾಗಿದ್ದರೆ ಆ ಕಡತ ಅಲ್ಲಿಗೇ ನಿಂತಂತೆ. ಎರಡು, ನೆರೆಹೊರೆಯ ಜಗಳ. ರಸ್ತೆ ಬದಿಗೆ ವಾಹನ ನಿಲುಗಡೆ ನಿಷೇಧದ ಕೆಂಪು ಗೆರೆ ಬೇಕೆಂದು ಒಬ್ಬರು ಕೇಳುತ್ತಾರೆ. ಅದೇ ಗೆರೆಯಿಂದ ಎದುರು ಮನೆಯವರ ಕಾರಿಗೆ ಜಾಗ ಹೋಗುತ್ತದೆ. ಅನುಭವಿ ಸದಸ್ಯರು ಇಂಥ ಕಡೆ ಲಿಜಾಂಗ್ ಮೂಲಕ ಒಪ್ಪಿಗೆ ಸಹಿ ಸಂಗ್ರಹಿಸಿದ ಮೇಲೆಯೇ ಪತ್ರ ಕಳಿಸುತ್ತಾರೆ. ಹೊಸಬರು ಮೊದಲು ಮಾತು ಕೊಟ್ಟುಬಿಡುತ್ತಾರೆ. ಹತ್ತು ಮತ ಗಳಿಸಲು ಹೋಗಿ ಹದಿನೈದು ಕಳೆದುಕೊಳ್ಳುವುದು ಹೀಗೆ.

ಇನ್ನು ಮದುವೆ, ಸಾವು. ಶುಭ ಮುಹೂರ್ತದ ದಿನ ಒಂದೇ ಸಂಜೆ ಹಲವು ಮದುವೆ ಊಟಗಳಲ್ಲಿ ಮುಖ ತೋರಿಸಬೇಕು. ಬೆಳಿಗ್ಗೆ ಅಂತ್ಯಕ್ರಿಯೆಗಳ ಸರದಿ. ಸಾರ್ವಜನಿಕ ನಮನದ ವೇಳೆ ಹೆಸರು ಕೂಗುವಾಗ ಅಲ್ಲಿರಬೇಕು. ಮದುವೆಯ ಕೆಂಪು ಲಕೋಟೆಯಲ್ಲಿ ಸರಿಸಂಖ್ಯೆಯ ಮೊತ್ತ, ಸಾವಿನ ಮನೆಯ ಬಿಳಿ ಲಕೋಟೆಯಲ್ಲಿ ಬೆಸಸಂಖ್ಯೆಯದು. ಇದನ್ನು ಅದಲುಬದಲು ಮಾಡಿದ ಸಹಾಯಕರನ್ನು ಯಾರೂ ಕ್ಷಮಿಸುವುದಿಲ್ಲ.

ಪ್ರಶ್ನೆ: ಒಂದೇ ಪಕ್ಷದ ಅಭ್ಯರ್ಥಿಗಳು ಪರಸ್ಪರ ಪೈಪೋಟಿಗೆ ಇಳಿಯುವುದು ಏಕೆ?

ಉತ್ತರ: ಪರಿಷತ್ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹಲವು ಸ್ಥಾನ, ಮತದಾರರಿಗೆ ಒಂದೇ ಮತ. ಹೆಚ್ಚು ಮತ ಪಡೆದವರು ಕ್ರಮವಾಗಿ ಗೆಲ್ಲುತ್ತಾರೆ. ಹೆಚ್ಚಾದ ಮತ ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಒಂದು ಪಕ್ಷಕ್ಕೆ ಒಟ್ಟು 60,000 ಮತವಿದೆ, ಗೆಲ್ಲಲು 14,000 ಸಾಕು, ನಾಲ್ವರು ನಿಂತಿದ್ದಾರೆ ಎಂದುಕೊಳ್ಳಿ. ಸಮನಾಗಿ ಹಂಚಿದರೆ ನಾಲ್ವರೂ ಗೆದ್ದರು. ಜನಪ್ರಿಯರೊಬ್ಬರೇ 30,000 ಎಳೆದುಕೊಂಡರೆ ಉಳಿದ ಮೂವರಿಗೆ ತಲಾ 10,000, ಮೂವರೂ ಸೋತರು.

ಹಾಗಾಗಿ ಪಕ್ಷಗಳು ಬೆಂಬಲಿಗರಿಗೆ ಮತ ಹಂಚಿಕೆಯ ಸೂಚನೆ ಕೊಡುತ್ತವೆ. ಗುರುತಿನ ಚೀಟಿಯ ಕೊನೆಯ ಅಂಕಿ ಇಂಥದ್ದಾದರೆ ಇಂಥವರಿಗೆ, ಹುಟ್ಟಿದ ತಿಂಗಳು ಇಂಥದ್ದಾದರೆ ಇಂಥವರಿಗೆ ಎಂದು. ಇದು ನಿಷ್ಠೆಯ ಮತದಾರರಲ್ಲಿ ಮಾತ್ರ ನಡೆಯುವ ಲೆಕ್ಕ. ಕೊನೆಯ ವಾರದಲ್ಲಿ ಪ್ರತಿ ಅಭ್ಯರ್ಥಿಯೂ ‘ನಾನು ಅಪಾಯದಲ್ಲಿದ್ದೇನೆ, ಕಾಪಾಡಿ’ ಎಂದು ಪ್ರಚಾರ ವಾಹನದಲ್ಲಿ ಕೂಗುವುದೂ ಇದಕ್ಕೇ. ಸಮೀಕ್ಷೆಯಲ್ಲಿ ಮೊದಲ ಸ್ಥಾನದಲ್ಲಿರುವುದು ಇಲ್ಲಿ ನಿಜಕ್ಕೂ ಕೆಟ್ಟ ಸುದ್ದಿ.

ಮಹಿಳಾ ಮೀಸಲಾತಿಯೂ ಲೆಕ್ಕ ಬದಲಿಸುತ್ತದೆ. ಒಂದು ಕ್ಷೇತ್ರದಲ್ಲಿ ನಾಲ್ಕು ಸ್ಥಾನವಿದ್ದರೆ ಒಬ್ಬ ಮಹಿಳೆ ಇರಲೇಬೇಕು. ಮುಂದೆ ಪ್ರತಿ ನಾಲ್ಕಕ್ಕೆ ಇನ್ನೊಬ್ಬರು. ಯಾವ ಮಹಿಳೆಯೂ ತಾನಾಗಿ ಗೆಲ್ಲದಿದ್ದರೆ ಮಹಿಳೆಯರಲ್ಲಿ ಹೆಚ್ಚು ಮತ ಪಡೆದವರಿಗೆ ಸ್ಥಾನ, ಗೆದ್ದವರ ಸಾಲಿನ ಕೊನೆಯ ಪುರುಷ ಹೊರಗೆ. ಈಚೆಗೆ ಹೆಚ್ಚಿನ ಕಡೆ ಮಹಿಳೆಯರು ಈ ಆಸರೆಯಿಲ್ಲದೆಯೇ ಗೆಲ್ಲುತ್ತಿದ್ದಾರೆ.

ಪ್ರಶ್ನೆ: ಠೇವಣಿ ಎಷ್ಟು? ದೇಣಿಗೆ ಯಾರಿಂದ ತೆಗೆದುಕೊಳ್ಳಬಹುದು?

ಉತ್ತರ: ಲಿಜಾಂಗ್‌ಗೆ 50,000, ಕೌಂಟಿ ಪರಿಷತ್ತಿಗೆ 1,20,000, ಮಹಾನಗರ ಪರಿಷತ್ತಿಗೆ 2,00,000 ತೈವಾನ್ ಡಾಲರ್. ಕ್ಷೇತ್ರದ ಒಟ್ಟು ಮತದಾರರನ್ನು ಸ್ಥಾನಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರ ಶೇ. 10ರಷ್ಟೂ ಮತ ಬೀಳದಿದ್ದರೆ ಠೇವಣಿ ಹೋಯಿತು. ಲಕ್ಷ ಮತದಾರರು, ಹತ್ತು ಸ್ಥಾನ ಎಂದರೆ ಸಾವಿರ ಮತ ಬೇಕು. ಕೊನೆಯದಾಗಿ ಗೆದ್ದವರ ಮತದ ಅರ್ಧದಷ್ಟಾದರೂ ಬಂದರೆ ಪ್ರತಿ ಮತಕ್ಕೆ 30 ಡಾಲರ್‌ನಂತೆ ಸರ್ಕಾರ ಖರ್ಚು ತುಂಬಿಕೊಡುತ್ತದೆ. ಒಂದೇ ಸ್ಥಾನದ ಚುನಾವಣೆಯಾದರೆ ಗೆದ್ದವರ ಮತದ ಮೂರನೇ ಒಂದು ಭಾಗ ಸಾಕು.

ದೇಣಿಗೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಕಂಟ್ರೋಲ್ ಯುವಾನ್ ಎಂಬ ಸರ್ಕಾರಿ ಕಾವಲು ಸಂಸ್ಥೆಯ ಅನುಮತಿ ಪಡೆದ ಮೇಲೆಯೇ ಹಣ ಮುಟ್ಟಬೇಕು. ಒಬ್ಬ ಅಭ್ಯರ್ಥಿಗೆ ವರ್ಷಕ್ಕೆ ವ್ಯಕ್ತಿಯಿಂದ ಗರಿಷ್ಠ 1 ಲಕ್ಷ, ಕಂಪನಿಯಿಂದ 10 ಲಕ್ಷ. ಹೆಸರಿಲ್ಲದ ದೇಣಿಗೆ 10,000ಕ್ಕೆ ಮೀರುವಂತಿಲ್ಲ. ನಷ್ಟದಲ್ಲಿರುವ ಕಂಪನಿ, ವಿದೇಶಿಯರು, ಧಾರ್ಮಿಕ ಸಂಸ್ಥೆಗಳು ಕೊಡುವಂತಿಲ್ಲ. ಹೊಸಬರು ಸಿಕ್ಕಿಬೀಳುವುದು ನಷ್ಟದ ಕಂಪನಿಯ ವಿಷಯದಲ್ಲಿ: ಕೊಡುವವರೂ ಹೇಳುವುದಿಲ್ಲ, ತೆಗೆದುಕೊಳ್ಳುವವರೂ ನೋಡುವುದಿಲ್ಲ. ದೇವಸ್ಥಾನ ಹಣ ಕೊಡುವಂತಿಲ್ಲ, ನಿಜ. ಅದರ ಜಾತ್ರೆಯಲ್ಲಿ ಪಲ್ಲಕ್ಕಿಯ ಪಕ್ಕ ನಡೆಯಲು ಯಾವ ನಿಷೇಧವೂ ಇಲ್ಲ, ಎಲ್ಲರೂ ನಡೆಯುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಇವರ ರಾಜಕೀಯ ಬದುಕು ಮುರಿದುಬೀಳುವುದು ಯಾವುದರಿಂದ?

ಉತ್ತರ: ದೊಡ್ಡ ಹಗರಣಕ್ಕಿಂತ ಹೆಚ್ಚಾಗಿ ಸಹಾಯಕರ ಸಂಬಳದಿಂದ. ಮಹಾನಗರ ಸದಸ್ಯರಿಗೆ 6ರಿಂದ 8, ಕೌಂಟಿ ಸದಸ್ಯರಿಗೆ 2ರಿಂದ 4 ಸಹಾಯಕರ ವೇತನ ಸಾರ್ವಜನಿಕ ಹಣದಿಂದ ಬರುತ್ತದೆ. ಕೆಲಸ ಮಾಡದ ನೆಂಟರ ಹೆಸರು ಸೇರಿಸುವುದು, ಇಲ್ಲವೇ ಕಾಗದದಲ್ಲಿ ಹೆಚ್ಚು ತೋರಿಸಿ ಕಡಿಮೆ ಕೊಟ್ಟು ಉಳಿದದ್ದನ್ನು ಆ ಮದುವೆ, ಸಾವಿನ ಲಕೋಟೆಗಳಿಗೆ ಬಳಸುವುದು ಹಳೆಯ ಚಾಳಿ. ಹುದ್ದೆಯ ಅವಕಾಶ ಬಳಸಿ ವಂಚಿಸಿದ ಅಪರಾಧಕ್ಕೆ ಭ್ರಷ್ಟಾಚಾರ ಕಾಯ್ದೆಯಲ್ಲಿ ಕನಿಷ್ಠ ಶಿಕ್ಷೆಯೇ ಏಳು ವರ್ಷ. ಕೆಲಸ ಕಳೆದುಕೊಂಡ ಸಹಾಯಕರೇ ದೂರು ಕೊಟ್ಟರೆ ಬ್ಯಾಂಕ್ ದಾಖಲೆಗಳಲ್ಲಿ ಎಲ್ಲ ಬಯಲಾಗುತ್ತದೆ. ಮೇಯರ್ ಆಗಿದ್ದರೆ ಭ್ರಷ್ಟಾಚಾರ ಪ್ರಕರಣದಲ್ಲಿ ಮೊದಲ ಹಂತದ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿದ ಕೂಡಲೇ ಅಮಾನತು. ಮೇಲ್ಮನವಿಯಲ್ಲಿ ಬಿಡುಗಡೆಯಾಗಿ ಅವಧಿ ಉಳಿದಿದ್ದರೆ ಮರಳಬಹುದು.

ಮತ ಖರೀದಿಗೆ 3ರಿಂದ 10 ವರ್ಷ ಶಿಕ್ಷೆ. ಪ್ರಚಾರದ ಉಡುಗೊರೆಯ ಬೆಲೆ 30 ತೈವಾನ್ ಡಾಲರ್ ಮೀರದಿರಲಿ ಎಂಬುದು ನ್ಯಾಯ ಇಲಾಖೆಯ ಅಳತೆಗೋಲು. ಹಾಗಾಗಿಯೇ ಅಭ್ಯರ್ಥಿಗಳು ಹಂಚುವುದು ಟಿಶ್ಯೂ ಪೊಟ್ಟಣ ಮತ್ತು ಅಗ್ಗದ ಮಾಸ್ಕ್. ಲಿಜಾಂಗ್ ಚುನಾವಣೆಯ ರೋಗವೇ ಬೇರೆ: ಗೆಲುವಿನ ಅಂತರ ಬೆರಳೆಣಿಕೆಯಷ್ಟಿರಬಹುದು, ಸಮಬಲವಾದರೆ ಚೀಟಿ ಎತ್ತುತ್ತಾರೆ. ಆದ್ದರಿಂದ ಅಲ್ಲಿ ವಾಸವಿಲ್ಲದ ನೆಂಟರಿಷ್ಟರ ಮನೆ ನೋಂದಣಿಯನ್ನು ಮತದಾನಕ್ಕೆ ನಾಲ್ಕು ತಿಂಗಳ ಮೊದಲು ತಂದು ಸೇರಿಸುತ್ತಾರೆ. ಚಿಕ್ಕ ಫ್ಲಾಟೊಂದರ ವಿಳಾಸದಲ್ಲಿ ಏಕಾಏಕಿ ಹತ್ತು ಹನ್ನೆರಡು ಹೆಸರು ಕಂಡರೆ ಪ್ರಾಸಿಕ್ಯೂಟರ್‌ಗೆ ಬೇರೆ ಸುಳಿವು ಬೇಕಿಲ್ಲ. ದಂಡ ಸಂಹಿತೆಯ 146ನೇ ವಿಧಿಯಡಿ, ಹಾಗೆ ಬಂದು ಮತ ಹಾಕಿದ ನೆಂಟರೂ ಆರೋಪಿಗಳೇ.

ಪ್ರಶ್ನೆ: ಹಾನ್ ಕುವೊ-ಯು ಅವರನ್ನು ಜನ ಮೇಯರ್ ಸ್ಥಾನದಿಂದ ಇಳಿಸಿದರು, ಆದರೂ ಅವರು ಸಂಸತ್ತಿನ ಸ್ಪೀಕರ್ ಆದರು. ಇದು ಹೇಗೆ?

ಉತ್ತರ: ವಾಪಸ್ ಕರೆಸಿಕೊಳ್ಳುವ ಮತದಾನಕ್ಕೆ ಮೂರು ಹಂತ. ಮೊದಲು ಕ್ಷೇತ್ರದ ಮತದಾರರಲ್ಲಿ ಶೇ. 1ರಷ್ಟು ಜನರ ಪ್ರಸ್ತಾವ, ನಂತರ ಶೇ. 10ರಷ್ಟು ಜನರ ಸಹಿ (ಮೇಯರ್ ವಿಷಯದಲ್ಲಿ 60 ದಿನದೊಳಗೆ), ಕೊನೆಗೆ ಮತದಾನ. ಪರವಾದ ಮತ ವಿರೋಧಕ್ಕಿಂತ ಹೆಚ್ಚಿರಬೇಕು, ಒಟ್ಟು ಮತದಾರರ ಕಾಲು ಭಾಗವನ್ನೂ ಮುಟ್ಟಬೇಕು. ಅಧಿಕಾರ ವಹಿಸಿದ ಮೊದಲ ವರ್ಷ ಯಾರನ್ನೂ ಹೀಗೆ ಇಳಿಸುವಂತಿಲ್ಲ. ಸಹಿ ಸಂಗ್ರಹದಲ್ಲಿ ಹೆಚ್ಚಾಗಿ ತಪ್ಪುವುದು ಒಂದು ಕಡೆ: ಮೊದಲ ಹಂತದಲ್ಲಿ ಸಹಿ ಹಾಕಿದವರು ಎರಡನೆಯದರಲ್ಲಿ ಹಾಕುವಂತಿಲ್ಲ. ಅತ್ಯುತ್ಸಾಹಿಗಳು ಎರಡರಲ್ಲೂ ಹಾಕಿಬಿಡುತ್ತಾರೆ, ಎಣಿಕೆಯಲ್ಲಿ ಅವು ಬಿದ್ದುಹೋಗುತ್ತವೆ.

ಹಾನ್ 2018ರಲ್ಲಿ ಕಾವ್‌ಶಿಯುಂಗ್‌ನಲ್ಲಿ 8,92,545 ಮತ ಪಡೆದು ಗೆದ್ದರು. ಕೆಲವೇ ತಿಂಗಳಲ್ಲಿ ರಾಷ್ಟ್ರಾಧ್ಯಕ್ಷ ಚುನಾವಣೆಗೆ ಹೊರಟದ್ದು ನಗರದವರಿಗೆ ಹಿಡಿಸಲಿಲ್ಲ. 2020ರ ಜೂನ್ 6ರಂದು ಬೇಕಿದ್ದದ್ದು 5,74,996 ಮತ, ಬಿದ್ದದ್ದು 9,39,090. ಅವರನ್ನು ಗೆಲ್ಲಿಸಿದ್ದಕ್ಕಿಂತ ಹೆಚ್ಚು ಮತ ಅವರನ್ನು ಇಳಿಸಲು ಬಿತ್ತು. ಆದರೆ ನಾಲ್ಕು ವರ್ಷದ ನಿರ್ಬಂಧ ಅದೇ ಕ್ಷೇತ್ರದ ಅದೇ ಹುದ್ದೆಗಷ್ಟೇ. 2024ರಲ್ಲಿ ಅವರು ಕುವೋಮಿಂಟಾಂಗ್ ಪಕ್ಷದ ರಾಷ್ಟ್ರೀಯ ಪಟ್ಟಿಯಲ್ಲಿ (ಪಕ್ಷಕ್ಕೆ ಬಿದ್ದ ಮತದ ಲೆಕ್ಕದಲ್ಲಿ ಸ್ಥಾನ ಸಿಗುವ ಪಟ್ಟಿ) ಮೊದಲ ಹೆಸರಾಗಿ ಸಂಸತ್ತಿಗೆ ಬಂದರು, ಫೆಬ್ರವರಿ 1ರಂದು ಸ್ಪೀಕರ್ ಆದರು.

ಮೇಯರ್ ಕುರ್ಚಿ ಖಾಲಿಯಾದಾಗ ಉಳಿದ ಅವಧಿ ಎರಡು ವರ್ಷಕ್ಕಿಂತ ಹೆಚ್ಚಿದ್ದರೆ ಉಪಚುನಾವಣೆ, ಕಡಿಮೆಯಿದ್ದರೆ ಹಂಗಾಮಿ ಮೇಯರ್. ಕಾವ್‌ಶಿಯುಂಗ್‌ನಲ್ಲಿ ಆಗಸ್ಟ್ 15ರಂದೇ ಉಪಚುನಾವಣೆ ನಡೆದು ಚೆನ್ ಚಿ-ಮಾಯ್ ಗೆದ್ದರು. ಲಾಯ್ ಚಿಂಗ್-ತೆ 2017ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯಾಗಲು ತೈನಾನ್ ಬಿಟ್ಟಾಗ ಉಳಿದದ್ದು ಎರಡು ವರ್ಷಕ್ಕಿಂತ ಕಡಿಮೆ, ಹಾಗಾಗಿ ಅಲ್ಲಿ ಮತಪೆಟ್ಟಿಗೆ ಇಡಬೇಕಾಗಲಿಲ್ಲ. ಎರಡನೇ ಅವಧಿಯ ಮೇಯರ್‌ಗಳು ತೈಪೆಯ, ಅಂದರೆ ಕೇಂದ್ರ ಸರ್ಕಾರದ, ಕರೆಗೆ ಯಾವಾಗ ಓಗೊಡುತ್ತಾರೆ ಎಂದು ಅಂದಾಜು ಮಾಡುವಾಗ ಪತ್ರಕರ್ತರು ಮೊದಲು ನೋಡುವುದು ಅವಧಿಯಲ್ಲಿ ಎರಡು ವರ್ಷ ಉಳಿಯುವ ಈ ತಾರೀಖನ್ನೇ.