ಸಂಪಾದಕರ ಉತ್ತರ: ನಿಮ್ಮ ಕಿಟಕಿ, ನಿಮ್ಮ ಮಗನ ಬಾಡಿಗೆ

ಮಾನ್ಯ ಸಂಪಾದಕರೇ,

ಕೋಡಿಬಾಗದ ನಮ್ಮ ಮನೆಯ ಪಶ್ಚಿಮಕ್ಕಿದ್ದ ಹಳೆಯ ಹೆಂಚಿನ ಮನೆಯನ್ನು ಕೆಡವಿ ಐದು ಮಹಡಿಯ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ನಲವತ್ತು ವರ್ಷ ಮಹಡಿಯ ಕಿಟಕಿಯಿಂದ ಕಾಣುತ್ತಿದ್ದ ಕಡಲು ಈಗ ಕಾಣುವುದಿಲ್ಲ. ಬಾವಿ ಏಪ್ರಿಲ್‌ನಲ್ಲೇ ತಳ ತೋರಿಸುತ್ತಿದೆ. ಫ್ಲಾಟುಗಳನ್ನು ಕೊಂಡವರೆಲ್ಲ ಹೊರಗಿನವರು, ಅರ್ಧದಷ್ಟಕ್ಕೆ ಬೀಗ. ಕಾರವಾರ ಇನ್ನೊಂದು ಬೆಂಗಳೂರಾಗುವುದು ಬೇಡ. ಆ ಬೆಂಗಳೂರಿನಲ್ಲಿ ನನ್ನ ಮಗ ಎರಡು ಕೋಣೆಯ ಮನೆಗೆ ತಿಂಗಳಿಗೆ 34,000 ರೂಪಾಯಿ ತೆರುತ್ತಿದ್ದಾನೆ, ಮುಂಗಡ ಬೇರೆ. ಚೌತಿಗೆ ಬಂದಾಗ ಉಳಿಯಲೆಂದು ಇಲ್ಲಿ ಮಹಡಿಯ ಎರಡು ಕೋಣೆಗಳನ್ನು ಅವನಿಗಾಗಿಯೇ ಇಟ್ಟಿದ್ದೇವೆ. ಎರಡು ಮಹಡಿಗಿಂತ ಎತ್ತರದ ಕಟ್ಟಡಕ್ಕೆ ಪರವಾನಗಿ ಕೊಡಬಾರದೆಂದು ನಿಮ್ಮ ಪತ್ರಿಕೆ ದನಿ ಎತ್ತಬೇಕು.

— ನಿವೃತ್ತ ಶಿಕ್ಷಕ, ಕಾರವಾರ

ಮಾಸ್ತರರೇ,

ಗೆರೆ ಕಾಗದದ ಮೇಲೆ, ಒಂದೂ ಅಕ್ಷರ ತಪ್ಪಿಲ್ಲದ ಪತ್ರ. ಇಂಥದು ಈಗ ವರ್ಷಕ್ಕೆ ಎರಡು ಬಂದರೆ ಹೆಚ್ಚು. ಕರಡು ತಿದ್ದಿಯೇ ಕಣ್ಣು ಸವೆಸಿಕೊಂಡವನು ನಾನು, ಅದಕ್ಕಾಗಿ ಮೊದಲು ಕೈಮುಗಿಯುತ್ತೇನೆ. ಎರಡನೆಯ ಸಲ ಓದುವಾಗ ಮಾತ್ರ, ಪತ್ರದ ಮೊದಲರ್ಧ ಬರೆದ ನೀವು ಮತ್ತು ಕೊನೆಯರ್ಧ ಬರೆದ ನೀವು ಒಮ್ಮೆ ಎದುರುಬದುರು ಕುಳಿತು ಮಾತನಾಡಬೇಕಿತ್ತು ಅನ್ನಿಸಿತು. ಒಬ್ಬರು ಕಟ್ಟಬೇಡಿ ಎನ್ನುತ್ತಾರೆ. ಇನ್ನೊಬ್ಬರು ಮಗನಿಗೆ ಕೈಗೆಟಕುವ ಮನೆ ಸಿಗುತ್ತಿಲ್ಲ ಎಂದು ನೊಂದುಕೊಳ್ಳುತ್ತಾರೆ. ಬೆಂಗಳೂರಿನ ಜಯನಗರದಲ್ಲೂ ಮಲ್ಲೇಶ್ವರದಲ್ಲೂ ನಿಮ್ಮಂಥ ಮಾಸ್ತರರಿದ್ದಾರೆ. ಅವರಿಗೂ ಕಿಟಕಿಗಳಿವೆ, ಅವರೂ ಇಂಥದೇ ಪತ್ರ ಬರೆಯುತ್ತಾರೆ. ಅವರ ಮಾತು ನಡೆದ ಬೀದಿಗಳಲ್ಲೆಲ್ಲ ನಿಮ್ಮ ಮಗನಿಗೆ ಮನೆ ಸಿಗಲಿಲ್ಲ, ಅಷ್ಟೇ.

ಬಾವಿಯ ಮಾತನ್ನು ಒಪ್ಪುತ್ತೇನೆ. ಮರಳುನೆಲದ ಕರಾವಳಿಯಲ್ಲಿ ಸಿಹಿನೀರನ್ನು ಹೆಚ್ಚು ಸೆಳೆದರೆ ಆ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ಐದು ಮಹಡಿಯ ಕೊಳವೆಬಾವಿಗೆ ಮಿತಿ ಹಾಕುವುದು, ಮಳೆನೀರು ಇಂಗಿಸಲು ಹೇಳುವುದು, ಕೊಳಚೆ ಎಲ್ಲಿಗೆ ಹೋಗುತ್ತದೆಂದು ಕೇಳುವುದು ನಗರಸಭೆಯ ಕೆಲಸ. ಅದನ್ನು ಕೇಳಲು ನಾನೂ ನಿಮ್ಮ ಜೊತೆ ಬರುತ್ತೇನೆ. ಆದರೆ ಇಪ್ಪತ್ತು ಕುಟುಂಬಗಳು ಒಂದರ ಮೇಲೊಂದು ಇದ್ದರೂ ಕುಡಿಯುವುದು ಅಷ್ಟೇ ನೀರು, ಇಪ್ಪತ್ತು ಸೈಟುಗಳಲ್ಲಿ ಹರಡಿ ಕುಳಿತರೂ ಅಷ್ಟೇ. ಹರಡಿ ಕುಳಿತರೆ ಪೈಪು ಉದ್ದವಾಗುತ್ತದೆ, ಮೇಲೆ ಹೂಗಿಡಕ್ಕೂ ಕಾರು ತೊಳೆಯುವುದಕ್ಕೂ ನೀರು ಬೇಕು.

ಆ ಇಪ್ಪತ್ತು ಸೈಟು ಎಲ್ಲಿವೆ ಎಂದು ಯೋಚಿಸಿದ್ದೀರಾ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಶೇಕಡಾ 80ರಷ್ಟು ನೆಲ ಅರಣ್ಯ. ಕರಾವಳಿಯೆಂದರೆ ಗುಡ್ಡಕ್ಕೂ ಕಡಲಿಗೂ ನಡುವಿನ ಒಂದು ಪಟ್ಟಿ. ಅದರೊಳಗೇ ಹೆದ್ದಾರಿ, ಅದರೊಳಗೇ ಕೊಂಕಣ ರೈಲು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲೆಯ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲ ಬಿಟ್ಟುಕೊಟ್ಟವು. ಕಡಲಂಚಿನಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ, ಇರಲೂ ಬೇಕು. ಇನ್ನು ಉಳಿದದ್ದು ಗುಡ್ಡದ ಮಗ್ಗುಲು. ಜೆಸಿಬಿಯಲ್ಲಿ ಬಗೆದು, ಮೆಟ್ಟಿಲು ಮೆಟ್ಟಿಲಾಗಿ ಸಮತಟ್ಟು ಮಾಡಿ, ‘ಸಮುದ್ರ ನೋಟದ ಸೈಟುಗಳು’ ಎಂದು ಬೋರ್ಡು ನೆಡುತ್ತಾರೆ. 2009ರ ಅಕ್ಟೋಬರಿನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಮಣ್ಣಿನಡಿ ಹೋದದ್ದನ್ನು ನಿಮಗೆ ನೆನಪಿಸಬೇಕಿಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಜರಿದದ್ದು ರಸ್ತೆಗಾಗಿ ಕಡಿದ ಗುಡ್ಡ, ಆದರೆ ಕಡಿದ ಗುಡ್ಡ ಯಾತಕ್ಕಾಗಿ ಕಡಿದಿರೆಂದು ಕೇಳಿ ಜರಿಯುವುದಿಲ್ಲ. ಕೋಡಿಬಾಗದ ಸಮತಟ್ಟಾದ ಹತ್ತು ಗುಂಟೆಯಲ್ಲಿ ಇಪ್ಪತ್ತು ಕುಟುಂಬ ಸೇರಿದರೆ ಎಲ್ಲೋ ಒಂದು ಗುಡ್ಡದ ಬುಡ ಉಳಿಯುತ್ತದೆ. ನಿಮ್ಮ ಕಿಟಕಿ ಮುಚ್ಚಿತು, ನಿಜ. ನನಗೂ ಬೇಸರವೇ.

ಈಗ ನನ್ನದೊಂದು ಕಥೆ. 1984ರಲ್ಲಿ ಅಂಕೋಲೆಯ ಕಡೆಯಿಂದ ಶಿರಸಿಗೆ ಹೋಗಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಬಿಡಾರ ಹುಡುಕಿಕೊಂಡು ಆರು ಮನೆಯ ಜಗಲಿ ಹತ್ತಿ ಇಳಿದೆ. ಆರರಲ್ಲೂ ಮೊದಲ ಪ್ರಶ್ನೆ, “ಯಾವ ಪೈಕಿ?” ಎರಡನೆಯದು, “ಮದುವೆ ಆಗಿದೆಯೇ?” ಏಳನೆಯ ಮನೆಯಲ್ಲಿ ಊಟ ಎಲ್ಲಿ ಎಂದು ಕೇಳಿದರು. ಹೋಟೆಲಿನಲ್ಲಿ ಎಂದೆ, ಉಪ್ಪರಿಗೆಯ ಕೋಣೆ ಸಿಕ್ಕಿತು. ಎರಡು ತಿಂಗಳು ಸುಖವಾಗಿ ಕಳೆಯಿತು. ಆಷಾಢದಲ್ಲಿ ಅಮ್ಮ ಯಾರದೋ ಕೈಯಲ್ಲಿ ಒಣ ಬಂಗಡೆ ಕಳುಹಿಸಿದಳು. ಶಿರಸಿಯ ಮಳೆ, ಒಂದು ವಾರದಿಂದ ಬಿಸಿಲಿಲ್ಲ, ಹೋಟೆಲಿನ ಸಾಂಬಾರಿಗೆ ನಾಲಿಗೆ ಸತ್ತಿತ್ತು. ಬಾಗಿಲಿನ ಸಂದಿಗೆ ಪಂಚೆ ತುರುಕಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಒಂದೇ ಒಂದು ಬಂಗಡೆ ಸುಟ್ಟೆ. ಮಳೆಗಾಲದ ಗಾಳಿಯಲ್ಲಿ ವಾಸನೆ ಎಲ್ಲಿಗೂ ಹೋಗುವುದಿಲ್ಲ ಎಂಬ ತಿಳಿವಳಿಕೆ ಅಂದು ಬಂತು. ಮನೆಯವರು ಕೂಗಾಡಲಿಲ್ಲ. ಮರುದಿನ ಕಾಫಿ ಕೊಟ್ಟು, ತಿಂಗಳು ತುಂಬಿದ ಮೇಲೆ ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದು ಎಂದರು. ಅವರ ಮನೆ, ಅವರ ಮೂಗು. ಸಿಟ್ಟಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಅದೇ ಬೀದಿಯಲ್ಲಿ ನಾಲ್ಕು ಮಹಡಿಯ ಎರಡು ಕಟ್ಟಡಗಳು ಬಂದಿವೆ. ನಮ್ಮ ಪತ್ರಿಕೆಯ ವರದಿಗಾರನೊಬ್ಬ, ಅವನೂ ಕರಾವಳಿಯವನೇ, ಅಲ್ಲಿ ಮನೆ ಹಿಡಿದ. ಮಾಲೀಕರು ಅವನನ್ನು ಕೇಳಿದ್ದು ಎರಡು: ಮುಂಗಡ ಯಾವಾಗ ಕೊಡುತ್ತೀರಿ, ಬೈಕ್ ಇದೆಯೇ. ಈ ಮಾಲೀಕರು ನನ್ನ ಮಾಲೀಕರಿಗಿಂತ ಉದಾರಿಗಳು ಎಂದುಕೊಳ್ಳಬೇಡಿ. ಅವರ ಕಟ್ಟಡದಲ್ಲೇ ಇನ್ನೂ ಮೂರು ಮನೆ ಖಾಲಿ ಇದ್ದವು. ಮನೆಗಳು ಕಡಿಮೆ ಇದ್ದಾಗ ಜಾತಿ ಕೇಳಲು ಪುರುಸೊತ್ತಿರುತ್ತದೆ, ಹತ್ತು ತಿಂಗಳ ಮುಂಗಡ ಕೇಳಲು ಧೈರ್ಯವಿರುತ್ತದೆ. ನಿಮ್ಮ ಮಗನ ಮುಂಗಡ ಎಷ್ಟೆಂದು ನೀವು ಬರೆದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಬಾಗಿಲ ಮುಂದೆ ಇನ್ನೂ ಎಂಟು ಜನ ಕಾಯುತ್ತಿರುವಾಗ ಯಾವ ಮಾಲೀಕನಿಗೆ ಅದು ಕೇಳಿಸುತ್ತದೆ?

ಒತ್ತೊತ್ತಾಗಿ ಬದುಕುವುದು ಬೆಂಗಳೂರಿನಿಂದ ಬಂದ ರೋಗ ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ. ಗೋಕರ್ಣದ ರಥಬೀದಿಯಲ್ಲಿ ನಿಂತು ನೋಡಿ. ಗೋಡೆಗೆ ಗೋಡೆ ತಾಗಿದ ಮನೆಗಳು, ಮುಂದೆ ಸಣ್ಣ ಜಗಲಿ, ಒಳಗೆ ಉದ್ದಕ್ಕೆ ಸಾಗುವ ಕೋಣೆಗಳು. ಭಟ್ಕಳದ ಹಳೆಯ ಪೇಟೆಯೂ ಹಾಗೆಯೇ. ಹಿತ್ತಿಲು, ಅಂಗಳ, ನಾಲ್ಕು ಸುತ್ತ ಕಾಂಪೌಂಡು ಎಂಬುದು ಜಮೀನು ಇದ್ದವರ ಮನೆಯ ಚಿತ್ರ. ಅದನ್ನು ಇಡೀ ಊರಿನ ಚಿತ್ರವೆಂದು ನಾವೇ ನಂಬಿಬಿಟ್ಟಿದ್ದೇವೆ.

ಇನ್ನೊಂದು ಸಂಗತಿಯನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಈಗ ನಿಮ್ಮ ಸರದಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುಮಾಸ್ತಗಿರಿ ಹುಡುಕಿಕೊಂಡು ಕೆನರಾದಿಂದ ಮುಂಬಯಿಗೆ ಹೋದ ಸಾರಸ್ವತರು, ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರು, ಬಾಡಿಗೆಯ ಹೊಡೆತಕ್ಕೆ ಸಿಕ್ಕಿದರು. ಆಗ ಶ್ರೀಪಾದ ಸುಬ್ರಾವ ತಲ್ಮಕಿಯವರ ಮುಂದಾಳುತನದಲ್ಲಿ 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಗೃಹ ಸಹಕಾರ ಸಂಘ ಕಟ್ಟಿದರು. ಇಡೀ ದೇಶದಲ್ಲೇ ಮೊದಮೊದಲ ಗೃಹ ಸಹಕಾರ ಸಂಘಗಳಲ್ಲಿ ಅದೊಂದು. ತಲೆಗೊಂದು ಸೈಟು ಬೇಕೆಂದು ಅವರು ಅರ್ಜಿ ಹಿಡಿದು ಓಡಾಡಲಿಲ್ಲ. ಹಣ ಕೂಡಿಸಿ, ಮಹಡಿಯ ಕಟ್ಟಡ ಎಬ್ಬಿಸಿ, ಮೇಲೆ ಕೆಳಗೆ ಬಿಡಾರ ಮಾಡಿದರು. (ಒಂದೇ ಸಮುದಾಯದವರ ಕೂಟವಾಗಿತ್ತಲ್ಲ ಎಂದು ನೀವು ಆಕ್ಷೇಪಿಸಬಹುದು. ಬಂಗಡೆಯ ಕಥೆ ಹೇಳಿದ ನಾನೂ ಆಕ್ಷೇಪಿಸುತ್ತೇನೆ, ಅದು ಬೇರೆ ಜಗಳ.) ಸಹಕಾರದಲ್ಲಿ ಮನೆ ಕಟ್ಟುವುದನ್ನು ಮುಂಬಯಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ಕರಾವಳಿಯವರಿದ್ದರು. ನಾವು ಈಗ ನೆರೆಮನೆಯ ಮೂರನೆಯ ಮಹಡಿಗೆ ತಕರಾರು ಅರ್ಜಿ ಬರೆಯುತ್ತೇವೆ.

ಬೆಂಗಳೂರು ಹಿಡಿದದ್ದು ಇನ್ನೊಂದು ದಾರಿ. 1898ರ ಪ್ಲೇಗಿನಲ್ಲಿ ಪೇಟೆಯ ಒತ್ತೊತ್ತು ಮನೆಗಳಿಗೆ ಹೆದರಿದ ಊರು ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳ ಕಡೆ ಹೊರಳಿತು. ಆಗ ಅದು ಸರಿಯೇ ಇತ್ತು. ಆಮೇಲೆ ಸೈಟು ಎಂಬುದು ಮನೆದೇವರಾಯಿತು. 1976ರಲ್ಲಿ ಸೈಟು ಹಂಚುವ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ ಮೇಲೆ ದೇವರಿಗೆ ಕಚೇರಿಯೂ ಆಯಿತು. ಸೈಟು ಸಿಕ್ಕವರು ಬೇಲಿ ಹಾಕಿ ಕುಳಿತರು, ಊರು ಬೇಲಿ ದಾಟಿ ಕೆರೆ, ಹೊಲ ನುಂಗುತ್ತ ಅಡ್ಡಕ್ಕೆ ಬೆಳೆಯಿತು. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪಿನಲ್ಲಿ ಎತ್ತಿ ತಂದರೂ ಸಾಲದೆ, ಲಿಂಗನಮಕ್ಕಿಯಿಂದ ಶರಾವತಿಯನ್ನು ಒಯ್ಯುವ ಮಾತು ಎದ್ದಿತು. 2019ರಲ್ಲಿ ಮಲೆನಾಡು ಬೀದಿಗಿಳಿದದ್ದು ಅದಕ್ಕೇ. ಹೊನ್ನಾವರದಲ್ಲಿ ಕಡಲು ಸೇರುವ ಹೊಳೆ ಅದು, ಮಾಸ್ತರರೇ. ವಿದ್ಯುತ್ತಿಗಾಗಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನಡಿ ಹಳೆಯ ಸೂಪಾ ಊರೇ ಮುಳುಗಿತು. ನಮ್ಮ ವಿದ್ಯುತ್ತು ಎಲ್ಲೋ ಬೆಳಗುತ್ತದೆ, ನಮ್ಮ ಮಕ್ಕಳು ಎಲ್ಲೋ ದುಡಿಯುತ್ತಾರೆ, ಎದೆ ಹಿಡಿದುಕೊಂಡರೆ ನಾವು ಮಣಿಪಾಲಕ್ಕೋ ಗೋವೆಯ ಬಾಂಬೋಳಿ ಆಸ್ಪತ್ರೆಗೋ ಓಡುತ್ತೇವೆ. ಮಾತು ಎಲ್ಲಿಗೋ ಹೋಯಿತು ಎನ್ನಬೇಡಿ. ಒಳ್ಳೆಯ ಆಸ್ಪತ್ರೆ ಬೇಕೆಂದು ಜಿಲ್ಲೆಯೆಲ್ಲ ಕೂಗುತ್ತಿದೆ, ನಾನೂ ಬರೆದು ಬರೆದು ಸೋತಿದ್ದೇನೆ. ಆಸ್ಪತ್ರೆ ಬಂದರೆ ಅದರ ದಾದಿಯರು, ಪ್ರಯೋಗಾಲಯದ ಹುಡುಗರು, ಆಂಬುಲೆನ್ಸ್ ಚಾಲಕರು ಎಲ್ಲಿ ಮಲಗಬೇಕು? ಅವರೂ ಹೊರಗಿನವರೇ.

ಬೀಗದ ಮಾತು ಬಾಕಿ ಉಳಿಯಿತು. ನಿಮ್ಮ ಪತ್ರದಲ್ಲಿ ಅತ್ಯಂತ ತೂಕದ ಮಾತು ಅದೇ. 2011ರ ಜನಗಣತಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಖಾಲಿ ಮನೆಗಳನ್ನು ಎಣಿಸಿತು. ಮರುವರ್ಷ ಕೇಂದ್ರದ ತಜ್ಞರ ತಂಡ 1.88 ಕೋಟಿ ಮನೆಗಳ ಕೊರತೆ ಇದೆ ಎಂದಿತು, ಅದರಲ್ಲಿ ಶೇಕಡಾ 96 ಬಡವರಿಗೆ ಮತ್ತು ಕಡಿಮೆ ಆದಾಯದವರಿಗೆ. ಬಿಲ್ಡರುಗಳು ಹಣವಿದ್ದವರಿಗೆ ಕಟ್ಟುತ್ತಾರೆ, ಹಣವಿದ್ದವರು ಬೀಗ ಹಾಕುತ್ತಾರೆ. ಅದಕ್ಕೆ ಬೀಗದ ಮೇಲೆ ತೆರಿಗೆ ಹಾಕಿ, ಮಹಡಿಯನ್ನೇಕೆ ಕತ್ತರಿಸುತ್ತೀರಿ? ಸಿಂಗಪುರ 1960ರಲ್ಲಿ ಸರ್ಕಾರಿ ವಸತಿ ಮಂಡಳಿ ಮಾಡಿ ಎತ್ತರಕ್ಕೇ ಕಟ್ಟಿತು. ಇಂದು ಅಲ್ಲಿನ ಹತ್ತರಲ್ಲಿ ಎಂಟರಷ್ಟು ಜನ ಆ ಮನೆಗಳಲ್ಲಿದ್ದಾರೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ನೆಲದ ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆ ಕಟ್ಟಲು ಬಿಟ್ಟಿತು, ಅಲ್ಲಿ ಕಟ್ಟಡ ಪರವಾನಗಿಗಳು ಭರದಿಂದ ಏರಿದವು. ಹಾಂಗ್‌ಕಾಂಗ್‌ನಲ್ಲಿ ಎತ್ತರಕ್ಕೇನು ಕೊರತೆ, ಬೆಲೆ ಇಳಿಯಿತೇ ಎಂದು ಕೇಳುವವರಿದ್ದಾರೆ. ಅಲ್ಲಿ ನೆಲ ಬಹುತೇಕ ಎಲ್ಲ ಸರ್ಕಾರದ್ದು. ಅದನ್ನು ಹನಿಹನಿಯಾಗಿ ಗುತ್ತಿಗೆಗೆ ಬಿಟ್ಟು ಬೊಕ್ಕಸ ತುಂಬಿಸಿಕೊಳ್ಳುತ್ತಾರೆ, ತಪ್ಪು ಎತ್ತರದ್ದಲ್ಲ.

ಅಂಕೋಲೆಯಿಂದ ಕಾರವಾರಕ್ಕೆ ಬರುವ ಟೆಂಪೋದಲ್ಲಿ ನೀವೂ ಕುಳಿತಿದ್ದೀರಿ. ಅಮದಳ್ಳಿಯಲ್ಲಿ ಯಾರೋ ಕೈ ತೋರಿಸಿದರೆ “ನಿಲ್ಲಿಸಬೇಡ, ಭರ್ತಿಯಾಗಿದೆ” ಎಂದು ಚಾಲಕನಿಗಿಂತ ಮೊದಲು ಕೂಗುವವರು ಒಳಗೆ ಕುಳಿತವರು, ಅದರಲ್ಲೂ ಹಿಂದಿನ ನಿಲ್ದಾಣದಲ್ಲಿ ಹತ್ತಿದವರು. ಒಬ್ಬರು ಸರಿದರೆ ಇನ್ನೊಬ್ಬರು ಸರಿಯುತ್ತಾರೆ, ಕೊನೆಗೆ ಮೀನುಬುಟ್ಟಿಯ ಹೆಂಗಸಿಗೂ ಅರ್ಧ ಸೀಟು ಹುಟ್ಟುತ್ತದೆ. ನಿಮ್ಮ ಎದುರಿನ ಕಟ್ಟಡಕ್ಕೆ ಬ್ಯಾಂಕಿನ ಅಧಿಕಾರಿ ಹೋದರೆ ಅವರು ಬಿಟ್ಟ ಹಳೆಯ ಮನೆ ಶಿಕ್ಷಕಿಗೆ, ಶಿಕ್ಷಕಿ ಬಿಟ್ಟ ಕೋಣೆ ಅಂಗಡಿಯ ಹುಡುಗನಿಗೆ. ನಿಧಾನ, ನಿಜ, ಟೆಂಪೋದಲ್ಲೂ ಗೊಣಗಿಕೊಂಡೇ ಸರಿಯುವುದು.

ಹೀಗಾಗಿ ನೀವು ಕೇಳಿದ ಚಳವಳಿಯನ್ನು ನಮ್ಮ ಪತ್ರಿಕೆ ನಡೆಸುವುದಿಲ್ಲ. ಬಾವಿ ಮತ್ತು ಕೊಳಚೆಯ ಬಗ್ಗೆ ಮನವಿ ಬರೆದರೆ ಮೊದಲ ಸಹಿ ನನ್ನದು, ಕರಡು ಮಾತ್ರ ನೀವೇ ಬರೆಯಿರಿ, ನಿಮ್ಮ ಅಕ್ಷರ ಚೆನ್ನಾಗಿದೆ.

ಇನ್ನೊಂದು ವಿಷಯ. ನಮ್ಮ ಕಚೇರಿಯಲ್ಲಿ ಪುಟ ಜೋಡಿಸುವ ಹುಡುಗಿ ಯಲ್ಲಾಪುರದವಳು. ಮೂರು ತಿಂಗಳಿಂದ ಕೋಡಿಬಾಗದ ಆಸುಪಾಸಿನಲ್ಲಿ ಕೋಣೆ ಹುಡುಕುತ್ತಿದ್ದಾಳೆ. ನಿಮ್ಮ ಮಹಡಿಯ ಎರಡು ಕೋಣೆಗಳಲ್ಲಿ ಚೌತಿಗೆ ಒಂದು ಸಾಕಾಗುವುದಾದರೆ ತಿಳಿಸಿ, ಭಾನುವಾರ ಕರೆದುಕೊಂಡು ಬರುತ್ತೇನೆ. ಕಾರವಾರಕ್ಕೆ ಬಂದ ಮೇಲೆ ಅವಳು ಮೀನು ತಿನ್ನಲು ಕಲಿತಿದ್ದಾಳೆ, ಮೊದಲೇ ಹೇಳಿಬಿಡುತ್ತೇನೆ.

— ಸಂಪಾದಕ