ಕಡಲು ಎದುರಿಗೇ ಇದ್ದರೂ ಬಂದರಿನ ಕಾರ್ಖಾನೆಗಳಿಗೆ ನದಿ ನೀರೇ ಯಾಕೆ ಬೇಕು?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ನಾವು ನಾಲೆ ನೀರಿಗೆ ಕಾಯುತ್ತಾ ಕೂರುತ್ತೇವೆ, ಮಂಗಳೂರು ಬಂದರಿನ ಸುತ್ತಲಿನ ಕಾರ್ಖಾನೆಗಳೂ ನದಿ ನೀರನ್ನೇ ಕೇಳುತ್ತವಂತೆ, ಕಡಲ ನೀರನ್ನು ಸಿಹಿ ಮಾಡಿಕೊಂಡರೆ ಆಗಲ್ವಾ?

ಆಗುತ್ತೆ, ಮಾಡುತ್ತಲೂ ಇದ್ದಾರೆ. ಆದರೆ ನನ್ನ ಪ್ರಕಾರ ಅದು ಕೊನೇ ದಾರಿ. ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ (ನೀರು ಕಾಸಿ ಆವಿ ಎಬ್ಬಿಸುವ ಯಂತ್ರ) ವಿಭಾಗದಲ್ಲಿದ್ದವನು. ಆಮೇಲೆ ಕೆಲವು ವರ್ಷ ಮಂಗಳೂರು ಬಂದರು ಇರುವ ಪಣಂಬೂರಿನ ಕಡೆ ನೀರು ಶುದ್ಧ ಮಾಡುವ ಕೆಲಸ. ಈಗ ಊರು ಸೇರಿಕೊಂಡಿದ್ದೇನೆ.

ನಮ್ಮ ಬಚ್ಚಲ ಹಂಡೆಯ ಒಳಗೆ ಬಿಳಿ ಸುಣ್ಣದ ಹಾಗೆ ಕಟ್ಟಿರುತ್ತಲ್ಲ, ಬೋರ್‌ವೆಲ್ ನೀರಿನ ಕೃಪೆ. ಹಂಡೆಗೆ ಅದರಿಂದ ಏನೂ ಆಗಲ್ಲ, ಸೌದೆ ಸ್ವಲ್ಪ ಜಾಸ್ತಿ ಬೇಕು ಅಷ್ಟೇ. ಬಾಯ್ಲರ್ ಟ್ಯೂಬಿನಲ್ಲಿ ಹಾಗೆ ಕಟ್ಟಿದರೆ ಟ್ಯೂಬ್ ಕೆಂಪಗೆ ಕಾದು ಒಡೆಯುತ್ತದೆ. ಕಡಲ ನೀರಿನಲ್ಲಂತೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬಾಯ್ಲರಿಗೆ ಅದನ್ನು ತೋರಿಸುವ ಹಾಗೂ ಇಲ್ಲ. ಬಂದರಿನ ಕಲ್ಲಿದ್ದಲ ರಾಶಿಯ ದೂಳು ಏಳದಂತೆ ಚಿಮುಕಿಸೋಣ ಎಂದರೂ ಕಷ್ಟ. ಉಪ್ಪು ಕಲ್ಲಿದ್ದಲಿಗೆ ಅಂಟಿಕೊಂಡು, ಅದನ್ನು ಉರಿಸುವವರ ಬಾಯ್ಲರನ್ನು ತಿನ್ನುತ್ತದೆ.

ಸಿಹಿ ಮಾಡುವ ಲೆಕ್ಕ ನೋಡಿ. ಆರ್‌ಓ ಘಟಕಕ್ಕೆ (ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಉಪ್ಪು ಬೇರ್ಪಡಿಸುವಂಥದ್ದು) 100 ಲೀಟರ್ ಕಡಲ ನೀರು ಕೊಟ್ಟರೆ 40-45 ಲೀಟರ್ ಸಿಹಿ ನೀರು ಸಿಗುತ್ತದೆ. ಉಳಿದದ್ದು ಹೆಚ್ಚುಕಡಿಮೆ ಎರಡರಷ್ಟು ಉಪ್ಪಾಗಿ ಕಡಲಿಗೇ ವಾಪಸ್. ಅದನ್ನು ದಡದಲ್ಲೇ ಸುರಿದರೆ ಮೀನುಗಾರರು ಸುಮ್ನಿರ್ತಾರಾ? 1000 ಲೀಟರ್ ಸಿಹಿ ನೀರಿಗೆ 3ರಿಂದ 4 ಯೂನಿಟ್ ಕರೆಂಟು. ಮಂಗಳೂರಿನ ತೈಲ ರಿಫೈನರಿ ಎಂಆರ್‌ಪಿಎಲ್‌ನವರ ಘಟಕದ ಸಾಮರ್ಥ್ಯ ದಿನಕ್ಕೆ 3 ಕೋಟಿ ಲೀಟರ್. ಅಂದರೆ ಪೂರ್ತಿ ನಡೆಸಿದರೆ ದಿನಕ್ಕೆ ಸುಮಾರು ಒಂದು ಲಕ್ಷ ಯೂನಿಟ್. ಆ ಘಟಕ ಇರುವ ಊರಿನ ಹೆಸರು ತಣ್ಣೀರುಬಾವಿ! ಯಾವ ಕಾಲದ ಯಾರ ಬಾವಿಯೋ.

ಹಾಗಾದರೆ ಯಾಕೆ ಕಟ್ಟಿದರು? 2019ರಂಥ ಬೇಸಿಗೆ ನೆನಪಿಸಿಕೊಳ್ಳಿ. ಆ ವರ್ಷ ನೇತ್ರಾವತಿ ಒಣಗಿ ಮಂಗಳೂರಿಗೇ ಕುಡಿಯುವ ನೀರು ಸರದಿಯಲ್ಲಿ ಬಂತು, ರಿಫೈನರಿ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ನಮಗೆ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಅಲ್ಲಿ 3500ರ ಹತ್ತಿರ. ಆದರೂ ಬರ! ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿದು, ಗಿಡ್ಡ ನದಿಗಳಲ್ಲಿ ಓಡಿ ಕಡಲು ಸೇರಿಬಿಡುತ್ತದೆ. ಹಿಡಿದಿಡಲು ನಮ್ಮ ಕನ್ನಂಬಾಡಿಯಂಥ ಕಟ್ಟೆ ಅಲ್ಲಿಲ್ಲ.

ಈಗ ನನಗೆ ಇಷ್ಟವಾದ ದಾರಿಗೆ ಬರುತ್ತೇನೆ. ಊರಿನ ಯುಜಿಡಿ ನೀರು, ಅಂದರೆ ಒಳಚರಂಡಿ ನೀರನ್ನು ಶುದ್ಧ ಮಾಡಿ ಬಳಸುವುದು. ಮೂಗು ಮುಚ್ಚಿಕೊಳ್ಳಬೇಡಿ. ಅದರಲ್ಲಿ ಉಪ್ಪು ಲೀಟರಿಗೆ ಒಂದೆರಡು ಗ್ರಾಂ ದಾಟುವುದು ಅಪರೂಪ. ಹಾಗಾಗಿ ಆರ್‌ಓಗೆ ಬೇಕಾದ ಒತ್ತಡ ಕಡಲ ನೀರಿಗಿಂತ ಎಷ್ಟೋ ಕಡಿಮೆ, ಕರೆಂಟೂ ಅಷ್ಟೇ ಕಡಿಮೆ. ಬೇಸಿಗೆಯಲ್ಲೂ ಬತ್ತಲ್ಲ, ಜನ ಇರುವವರೆಗೂ ಹರಿಯುತ್ತೆ. ಚೆನ್ನೈನ ಕೊಡುಂಗೈಯೂರಿನಲ್ಲಿ 2019ರಿಂದ ದಿನಕ್ಕೆ 4.5 ಕೋಟಿ ಲೀಟರ್ ಸಾಮರ್ಥ್ಯದ ಇಂಥ ಘಟಕ ಇದೆ. ಅದರ ನೀರು ಮಣಲಿ, ಎಣ್ಣೂರು ಕಡೆಯ ಕಾರ್ಖಾನೆಗಳಿಗೆ. ಮಂಗಳೂರಿನಲ್ಲೂ ಕಾವೂರಿನ ಎಸ್‌ಟಿಪಿ (ಒಳಚರಂಡಿ ನೀರು ಶುದ್ಧ ಮಾಡುವ ಘಟಕ) ನೀರು ಕೈಗಾರಿಕೆಗೆ ಹೋಗುತ್ತದೆ. ಬಚ್ಚಲ ನೀರನ್ನು ಬಾಳೆಗೆ ತಿರುಗಿಸುವುದು ನಮ್ಮ ಅಜ್ಜಿಗೂ ಗೊತ್ತಿತ್ತು ಬಿಡಿ.

ಇದಕ್ಕೂ ಮೊದಲು ಮಾಡಬೇಕಾದ್ದು ಕಾರ್ಖಾನೆಯೊಳಗೇ ಇದೆ. ಕಬ್ಬಿನ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ರಸ ಕುದಿಸುವಾಗ ಬರುವ ಆವಿಯನ್ನು ತಣಿಸಿದರೆ ಅದು ನೀರಾಗಿ ಸಿಗುತ್ತದೆ. ನಾವು ಅದಕ್ಕೆ ಕಂಡೆನ್ಸೇಟ್ ಎನ್ನುತ್ತಿದ್ದೆವು. ಒಂದು ಹಂಗಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪರೀಕ್ಷೆ ಮಾಡದೆ ಆ ನೀರನ್ನು ಬಾಯ್ಲರಿಗೆ ಬಿಟ್ಟುಬಿಟ್ಟೆವು. ಸಕ್ಕರೆ ಸೇರಿಕೊಂಡಿತ್ತು. ಬೆಳಗ್ಗೆ ಬಾಯ್ಲರ್ ನೊರೆ ಕಕ್ಕುತ್ತಿತ್ತು, ಸುಟ್ಟ ಬೆಲ್ಲದ ವಾಸನೆ. ಅರೆಯುವುದನ್ನು ನಿಲ್ಲಿಸಿ ಎರಡು ದಿನ ತೊಳೆದೆವು. ಗೇಟಿನಲ್ಲಿ ಗಾಡಿಗಳ ಸಾಲು, ರೈತರ ಬೈಗುಳ ಬೇರೆ. ತಪ್ಪು ನಮ್ಮದೇ.

ಆ ಬುದ್ಧಿ ಪಣಂಬೂರಿನಲ್ಲಿ ಕೆಲಸಕ್ಕೆ ಬಂತು. ಯಾವ ನೀರು ಯಾವ ಕೆಲಸಕ್ಕೆ ಎಂದು ಮೊದಲು ವಿಂಗಡಿಸಬೇಕು. ಕಲ್ಲಿದ್ದಲ ಅಂಗಳದಿಂದ ಹರಿದ ಮಳೆ ನೀರನ್ನು ಹೊಂಡದಲ್ಲಿ ತಿಳಿಯಾಗಲು ಬಿಟ್ಟು ಮತ್ತೆ ಅದೇ ರಾಶಿಗೆ ಚಿಮುಕಿಸಬಹುದು. ಗಿಡಗಳಿಗೆ ಎಸ್‌ಟಿಪಿ ನೀರು. ಆರ್‌ಓ ನೀರು ಬಾಯ್ಲರಿಗೆ ಮಾತ್ರ. ಕೇಳಲು ಸುಲಭ, ಪೈಪು ಬೇರೆ ಬೇರೆ ಎಳೆಯಬೇಕು ಎಂದ ಕೂಡಲೇ ಮ್ಯಾನೇಜರುಗಳ ಮುಖ ಸಣ್ಣದಾಗುತ್ತಿತ್ತು.

ಬಂದರಿಗೂ ರೈತರಿಗೂ ಏನು ಸಂಬಂಧ ಎಂದು ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ಒಡಿಶಾದ ಪಾರಾದೀಪ್ ಬಂದರಿಗೆ ನೀರು ಬರುವುದು ತಾಳದಂಡ ಎಂಬ ನೀರಾವರಿ ನಾಲೆಯಿಂದ. ಅಲ್ಲಿಯ ರೈತರ ತಕರಾರು ಏನಿರಬಹುದು ಎಂದು ನಾಲೆಯ ಕೊನೇ ಭಾಗದಲ್ಲಿರುವ ಮಳವಳ್ಳಿಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನೀವು ಎಂಜಿನಿಯರಿಂಗ್ ಓದುತ್ತಿದ್ದರೆ, ಕಬ್ಬು ಅರೆಯುವ ಹಂಗಾಮಿನಲ್ಲಿ ಯಾವುದಾದರೂ ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಹೋಗಿ. ಆಲ್ಫಾ ನ್ಯಾಫ್ತಾಲ್ ಪರೀಕ್ಷೆ ತೋರಿಸಿ ಎಂದು ಕೆಮಿಸ್ಟನ್ನು ಕೇಳಿ. ನೀರಿನಲ್ಲಿ ಚೂರು ಸಕ್ಕರೆ ಇದ್ದರೂ ಟ್ಯೂಬಿನಲ್ಲಿ ನೇರಳೆ ಉಂಗುರ ಮೂಡುತ್ತದೆ. ಆ ರಾತ್ರಿ ನಾವು ನೋಡದೆ ಬಿಟ್ಟದ್ದು ಅದನ್ನೇ.